ವಿಧವೆಯ ಎಣ್ಣೆಯೂ ನಮ್ಮ ಉದ್ರಿಯ ಲೆಕ್ಕವೂ

ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಮೊದಲಿನ ಏಳು ವಚನಗಳನ್ನು ಮನೆಯಲ್ಲಿ ಓದಿಕೊಂಡು, ಆ ಮೇಲೆ ಈ ಮಾತುಗಳಿಗೆ ಕಿವಿಗೊಡಬೇಕೆಂದು ಬೇಡುತ್ತೇವೆ. ಪ್ರವಾದಿಗಳ ಮಂಡಲಿಗೆ ಸೇರಿದ ದೈವಭಕ್ತನೊಬ್ಬನು ಸಾಲವನ್ನು ಬಿಟ್ಟು ಸತ್ತನು. ಸಾಲ ಕೊಟ್ಟವನು ಅವನ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದನು. ವಿಧವೆಯು ಎಲೀಷನಿಗೆ ಮೊರೆಯಿಟ್ಟಾಗ ಆತನು ಹಣವನ್ನು ಕೊಡಲಿಲ್ಲ. ಅವಳ ಮನೆಯಲ್ಲಿ ಏನುಂಟೆಂದು ವಿಚಾರಿಸಿದನು. ಸ್ವಲ್ಪ ಎಣ್ಣೆಯ ಹೊರತು ಬೇರೇನೂ ಇರಲಿಲ್ಲ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಂದು, ಬಾಗಿಲನ್ನು ಮುಚ್ಚಿಕೊಂಡು, ಅವುಗಳಲ್ಲಿ ಹೊಯ್ಯುವಂತೆ ಆಕೆಗೆ ಅಪ್ಪಣೆಯಾಯಿತು. ಪಾತ್ರೆಗಳು ಮುಗಿದಾಗ ಎಣ್ಣೆಯೂ ನಿಂತುಹೋಯಿತು. ಅದನ್ನು ಮಾರಿ ಮೊದಲು ಸಾಲ ತೀರಿಸಿ, ಉಳಿದದ್ದರಿಂದ ತಾಯಿಮಕ್ಕಳು ಬದುಕಬೇಕಾಗಿತ್ತು.

ಎಣ್ಣೆಯನ್ನು ಹೆಚ್ಚಿಸಿದವನು ದೇವರು. ಮಾರುವ ಕೆಲಸವಾದರೋ ಆ ಸ್ತ್ರೀಯದೇ ಆಗಿತ್ತು.

ನಮ್ಮ ಸೀಮೆಯನ್ನು ನೋಡಿರಿ. ವಾಡಿಯಲ್ಲಿ 1968ರಿಂದ ಸಿಮೆಂಟಿನ ಕಾರ್ಖಾನೆ ನಡೆಯುತ್ತದೆ. ಸೇಡಮಿನಲ್ಲಿಯೂ ಮಳಖೇಡದಲ್ಲಿಯೂ ಬೇರೆ ಕಾರ್ಖಾನೆಗಳುಂಟು. ಆದರೆ ನಮ್ಮವರಲ್ಲಿ ಅನೇಕರು ಗುತ್ತೇದಾರನ ಕೈಕೆಳಗೆ ದುಡಿಯುವವರು. ಅವನು ನಾಳೆ ಬರಬೇಡವೆಂದರೆ ನಾಳೆಯ ರೊಟ್ಟಿಯಿಲ್ಲ. ಶಹಾಬಾದಿನ ಹಳೇ ಸಿಮೆಂಟು ಕಾರ್ಖಾನೆಯು ಮುಚ್ಚಿ ಬಹು ಕಾಲವಾಯಿತು. ಹೊಳೆಯುವ ಟೈಲ್ಸ್‌ಗಳು ಬಂದ ಮೇಲೆ ನಮ್ಮ ಫರಸಿಯನ್ನು ಕೇಳುವವರು ಕಡಿಮೆಯಾಗಿ, ಖಣಿಯಲ್ಲಿ ಕೆಲಸವೂ ಕಡಿಮೆಯಾಯಿತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2022ರಲ್ಲಿ ನೆಟೆ ರೋಗವು ಅದೇ ತೊಗರಿಯನ್ನು ಹೊಲದಲ್ಲಿ ನಿಂತಂತೆಯೇ ಒಣಗಿಸಿತು. ಚಿಂಚೋಳಿಯ ಕಡೆಯವರು ಹೈದರಾಬಾದಿಗೂ ಪುಣೆಗೂ ಮುಂಬಯಿಗೂ ಮಕ್ಕಳನ್ನು ಕಟ್ಟಿಕೊಂಡು ಹೋಗುವದನ್ನು ಎಲ್ಲರೂ ಬಲ್ಲೆವು. ಇಂಥವರ ಮನಸ್ಸಿನಲ್ಲಿ ಸ್ವಂತ ಉದ್ಯೋಗದ ಆಶೆ ಹುಟ್ಟಿದರೆ ಅದು ಲೋಕವ್ಯಾಮೋಹವೆಂದು ನಾವು ಹೇಳಲಾರೆವು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲನ ಮನೆಯಲ್ಲಿದ್ದು ಗುಡಾರಗಳನ್ನು ಹೊಲಿದನು. ಲುದ್ಯಳು ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದಳು.

ಮಿಶನ್ನಿನವರೇ ಕೆಲಸ ಕೊಡಲಿ ಎಂದು ಕೆಲವು ಹಿರಿಯರು ಈಗಲೂ ಅನ್ನುವರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಾಗೆಯೇ ಮಾಡಿದರು. ಕುಲದವರು ಹೊರಗೆ ಹಾಕಿದ ವಿಶ್ವಾಸಿಗಳಿಗಾಗಿ ನೇಯ್ಗೆಯ ಶಾಲೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಸಾವಿರಾರು ಮಂದಿ ಅದರಿಂದ ಉಂಡರು. 1914ರ ಯುದ್ಧವು ಬಂದಾಗ ಆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಸರಕಾರದ ವಶವಾದವು. ಅಲ್ಲಿ ಕಲಿತ ಕೈಕಸುಬಾದರೋ ಕಲಿತವನ ಕೈಯಲ್ಲಿಯೇ ಉಳಿಯಿತು.

ಆದಕಾರಣ, ಮೊದಲು ಮನೆಯಲ್ಲಿ ಏನುಂಟೆಂದು ನೋಡಿರಿ. ಫರಸಿಯನ್ನು ಕೂಡಿಸಬಲ್ಲವನು, ಹೊಲಿಗೆ ಬಲ್ಲವಳು, ಹಾಳೆಯಂತೆ ತೆಳ್ಳಗೆ ಜೋಳದ ರೊಟ್ಟಿ ಬಡಿಯುವ ನಮ್ಮ ಅಕ್ಕತಂಗಿಯರು, ಇವರಿಗೆ ಎಣ್ಣೆಯು ಮನೆಯಲ್ಲಿಯೇ ಇದೆ. ಕಲಬುರಗಿ ರೊಟ್ಟಿ ಎಂಬ ಹೆಸರಿನಿಂದ ಸ್ತ್ರೀಸಂಘದವರು ಮಾಡಿದ ರೊಟ್ಟಿಗಳು ಈಗ ದೂರದ ಪಟ್ಟಣಗಳಿಗೂ ಹೋಗುತ್ತವೆ. ಆದರೂ ಇರುವ ಕೂಲಿಯನ್ನು ಒಮ್ಮೆಗೇ ಬಿಟ್ಟುಬಿಡಬೇಡಿರಿ. ಸಂಜೆಯ ಹೊತ್ತಿನಲ್ಲಿ ಆರಂಭಿಸಿ, ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ದಾಟಿ ನೋಡಿರಿ.

ಆ ಸ್ತ್ರೀಯು ನೆರೆಯವರಿಂದ ತಂದದ್ದು ಪಾತ್ರೆಗಳನ್ನೇ ಹೊರತು ಹಣವನ್ನಲ್ಲ. ಈಗ ವಾರದ ಕಂತಿನ ಸಾಲವು ನಮ್ಮ ಬಾಗಿಲಿಗೇ ಬರುತ್ತದೆ. 10,000 ರೂಪಾಯಿ ತೆಗೆದುಕೊಂಡು ವಾರಕ್ಕೆ 240ರಂತೆ 50 ವಾರ ಕಟ್ಟಿದರೆ 12,000 ಆಗುವದು. ನೂರಕ್ಕೆ 20 ಬಡ್ಡಿ ಎಂದು ತಿಳಿಯುತ್ತೇವೆ. ಆದರೆ ಅಸಲು ವಾರವಾರವೂ ಕರಗುತ್ತಾ ಹೋಗುವದರಿಂದ ವರುಷದಲ್ಲಿ ಸರಾಸರಿ ನಮ್ಮ ಕೈಯಲ್ಲಿದ್ದದ್ದು 5,000 ಮಾತ್ರ. ನಿಜವಾದ ಬಡ್ಡಿಯು ನೂರಕ್ಕೆ 40ರ ಹತ್ತಿರ! ಸಾಲ ಬೇಕೇ ಬೇಕಾದರೆ ಬ್ಯಾಂಕಿನಲ್ಲಿ ಕೇಳಿರಿ. ಮುದ್ರಾ ಯೋಜನೆಯಲ್ಲಿ 50,000ದ ವರೆಗಿನ ಶಿಶು ಸಾಲಕ್ಕೆ ಅಡವು ಬೇಕಿಲ್ಲ. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ಗೌಂಡಿ, ದರ್ಜಿ, ಕಮ್ಮಾರ, ಚಮ್ಮಾರ, ಕಲ್ಲೊಡೆಯುವವನು ಮೊದಲಾದ 18 ಕಸುಬಿನವರಿಗೆ ತರಬೇತಿಯೂ, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲ ಸಲ ಒಂದು ಲಕ್ಷದ ವರೆಗೆ ಸಾಲವೂ ಉಂಟು.

ಬಾಗಿಲನ್ನು ಮುಚ್ಚಿಕೊಳ್ಳುವ ಮಾತಿಗೆ ವಿದ್ವಾಂಸರು ನಾನಾ ಅರ್ಥಗಳನ್ನು ಹೇಳುವರು. ನಮಗಾದರೋ ವ್ಯಾಪಾರದ ಹಣದ ಡಬ್ಬಿಯೇ ನೆನಪಿಗೆ ಬರುತ್ತದೆ. ಮದುವೆಗೂ ಕ್ರಿಸ್ಮಸ್ಸಿನ ಬಟ್ಟೆಗೂ ಅದನ್ನು ತೆರೆದವನ ಅಂಗಡಿಯು ಈಸ್ಟರಿನ ವರೆಗೆ ಉಳಿಯದು.

ಇನ್ನು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಸಹೋದರನೊಬ್ಬನು ಖಣಿಯ ಕೆಲಸವನ್ನು ಬಿಟ್ಟು ಕಿರಾಣಿ ಅಂಗಡಿಯನ್ನು ಇಟ್ಟನು. ನಾವೇ ಪ್ರಾರ್ಥನೆ ಮಾಡಿ ಬಾಗಿಲನ್ನು ತೆರೆದೆವು. ಒಂಬತ್ತನೆಯ ತಿಂಗಳಲ್ಲಿ ಅದು ಮುಚ್ಚಿತು. ಅವನು ಕುಡಿಯಲಿಲ್ಲ, ಸೋಮಾರಿಯಾಗಲಿಲ್ಲ. ಕಾರಣವೇನೆಂದು ನಾವು ಅವನ ಚೋಪಡಿಯನ್ನು ತೆರೆದು ನೋಡಿದಾಗ, ಪುಟದ ಮೇಲೆ ಪುಟ ಸಭೆಯವರ ಉದ್ರಿಯೇ ತುಂಬಿತ್ತು. ಬೇರೆಯವರ ಅಂಗಡಿಯಲ್ಲಿ ರೊಕ್ಕ ಕೊಟ್ಟು ತರುವವರು ತಮ್ಮ ಸಹೋದರನಲ್ಲಿ, ನಮ್ಮವನೇ ಅಲ್ಲವೇ ಎಂದು ಬರೆಯಿಸಿದ್ದರು. ಮೂರನೆಯ ಪುಟದಲ್ಲಿ ಉಪದೇಶಿಯ ಮನೆಯ ಹೆಸರೂ ಇತ್ತು: ಸಕ್ಕರೆ, ಚಹಾಪುಡಿ, ಸಾಬೂನು, ನಾಲ್ಕು ತಿಂಗಳಿನದು, 1,140 ರೂಪಾಯಿ. ಅವನು ಒಂದು ಸಲವಾದರೂ ನಮ್ಮನ್ನು ಕೇಳಿರಲಿಲ್ಲ. ಉಪದೇಶಿಯನ್ನು ಕೇಳುವದು ಹೇಗೆ?

ವಿಧವೆಯ ನೆರೆಯವರು ಆಕೆಗೆ ಪಾತ್ರೆಗಳನ್ನು ಕೊಟ್ಟರು. ನಾವಾದರೋ ಅವನ ಪಾತ್ರೆಯನ್ನೇ ಬರಿದು ಮಾಡಿದೆವು.

ಆ ಹಣವನ್ನು ನಾವು ಮರುದಿನವೇ ಒಯ್ದು ಕೊಟ್ಟೆವು. ಆ ಭಾನುವಾರ ಹೆಸರುಗಳನ್ನು ಓದದೆ, ಚೋಪಡಿಯ ವಿಷಯವನ್ನು ಮಾತ್ರ ಸಭೆಯಲ್ಲಿ ತಿಳಿಸಿದೆವು. ಅರ್ಧದಷ್ಟು ಮಂದಿ ತೀರಿಸಿದ್ದಾರೆ. ಸಹೋದರನು ಈಗ ಶಹಾಬಾದಿನಲ್ಲಿ ಫರಸಿಗೆ ಪಾಲಿಶ್ ಹಾಕುವ ಕೂಲಿಗೆ ಹೋಗುತ್ತಾನೆ. ಉಳಿದ ಬಾಕಿಯು ತೊಗರಿಯ ರಾಶಿಯಾದ ಮೇಲೆ ಬಂದರೆ ಮನೆಯ ಕಟ್ಟೆಯ ಮೇಲೆಯೇ ಚಿಕ್ಕದಾಗಿ ಪುನಃ ಆರಂಭಿಸುವೆನೆಂದು ಹೇಳಿದ್ದಾನೆ. ಹೊಸ ಚೋಪಡಿಯನ್ನು ಕೊಳ್ಳುವದಿಲ್ಲವಂತೆ.