ತೋರಿಸುವವನ ಧರ್ಮ

ಗುರುವಾದವನ ಕರ್ತವ್ಯವು ಹೇಳುವುದೋ, ತೋರಿಸುವುದೋ? ಶಾಲೆಯ ನಾಲ್ಕು ಗೋಡೆಗಳೊಳಗೆ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಅಲ್ಲಿ ಈ ಪ್ರಶ್ನೆಯು ಹುಟ್ಟಲಿಲ್ಲ; ಸೇವಾನಿವೃತ್ತನಾಗಿ ಗೋಡೆಗಳ ಹೊರಗೆ ಬಂದ ಮೇಲೆ ಹುಟ್ಟಿತು. ಚಳಿಗಾಲದಲ್ಲಿ ಪಟ್ಟಣದ ಶಾಲೆಗಳ ಮಕ್ಕಳು ಕೃಷ್ಣಾತೀರವನ್ನೂ ಕಬ್ಬಿನ ಹೊಲಗಳನ್ನೂ ನೋಡಲೆಂದು ನಮ್ಮ ಉಗಾರ ಬುದ್ರುಕದ ಕಡೆಗೆ ಬರುವುದುಂಟು. ಅವರೊಡನೆ ನಡೆದು ವಿಷಯಗಳನ್ನು ತೋರಿಸಿಕೊಡುವ ಕೆಲಸವು ನನ್ನ ಪಾಲಿಗೆ ಬಂದಿದೆ. ಬುದ್ರುಕವೆಂದರೆ ಹಿರಿದು, ಖುರ್ದವೆಂದರೆ ಕಿರಿದು, ಎರಡೂ ಫಾರಸಿ ಮೂಲದ ಶಬ್ದಗಳು; ಎರೆಭೂಮಿಯು ಬೇಸಿಗೆಯಲ್ಲಿ ಬಿರಿಯುವುದೇಕೆ; 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪಿತವಾಯಿತು; 2019ರ ಆಗಸ್ಟದಲ್ಲಿ ಕೃಷ್ಣೆಯು ಈ ಸೀಮೆಯ ಊರುಗಳನ್ನು ಹೊಕ್ಕಳು. ಇವನ್ನೆಲ್ಲ ಕೇಳಿ ಮಕ್ಕಳು ಸಂತೋಷಪಡುತ್ತಾರೆ, ನಾನೂ ಪಡುತ್ತೇನೆ.

ಬಯಲಿನಲ್ಲಿ ಕಲಿಸುವ ಕ್ರಮವು ಹೊಸದಲ್ಲ. ರವೀಂದ್ರರು 1901ರಲ್ಲಿ ಶಾಂತಿನಿಕೇತನದ ಮರಗಳ ಕೆಳಗೆ ಮಕ್ಕಳನ್ನು ಕೂಡಿಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಅಂಥದೇ ಪ್ರಯೋಗವನ್ನು ನಡೆಸಿದರು. ಆದರೆ ಇವರೆಲ್ಲರಿಗಿಂತ ಪೂರ್ವದಲ್ಲಿ ಛಾಂದೋಗ್ಯೋಪನಿಷತ್ತಿನ ಹಾರಿದ್ರುಮತ ಗೌತಮನು ಸತ್ಯಕಾಮನೆಂಬ ಬಾಲಕನಿಗೆ ಬಡಕಲಾದ 400 ಗೋವುಗಳನ್ನು ಒಪ್ಪಿಸಿ ಅವುಗಳ ಬೆನ್ನಹಿಂದೆ ಅಡವಿಗೆ ಅಟ್ಟಿದನು. ಅವು 1000 ಆಗುವವರೆಗೆ ತಿರುಗಿ ಬರಲಾರೆನೆಂದು ಬಾಲಕನು ನುಡಿದನು. ಅಲ್ಲಿ ಅವನಿಗೆ ಕಲಿಸಿದವರು ವೃಷಭ, ಅಗ್ನಿ, ಹಂಸ ಮತ್ತು ಮದ್ಗುವೆಂಬ ನೀರುಹಕ್ಕಿ. ಗುರುವು ಜೊತೆಯಲ್ಲಿ ಹೋಗಲಿಲ್ಲ. ಶಿಷ್ಯನು ಮರಳಿ ಬಂದು ಬೇಡಿದಾಗ ಮಾತ್ರ ಉಪದೇಶಿಸಿದನು. ಬಯಲಿನಲ್ಲಿ ಗುರುವಿನ ಮೊದಲ ಗುಣವು ಮೌನವೆಂದು ನಾನು ಈ ಕಥೆಯಿಂದ ತಿಳಿದುಕೊಂಡೆನು.

ಈ ಮೌನದ ಫಲವನ್ನು ಕಣ್ಣಾರೆ ಕಂಡಿದ್ದೇನೆ. ಹೊಳೆಯ ಬಂಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆಗಳನ್ನು ಅಗಲಿಸಿ ಅಲುಗದೆ ಕುಳಿತಿತ್ತು. ಕಾರಣವನ್ನು ಹೇಳದೆ ಸುಮ್ಮನೆ ನಿಂತೆನು. ಕೆಲ ನಿಮಿಷಗಳಾದ ಮೇಲೆ ಒಬ್ಬ ಹುಡುಗನು, “ಅಜ್ಜಾರ, ಅದು ಮುಳುಗಿ ಎದ್ದು ಬಂದೈತ್ರಿ, ರೆಕ್ಕಿ ಒಣಗಿಸಾಕ ಹತ್ತೈತ್ರಿ” ಎಂದನು. ನಾನು ಹೇಳಿದ್ದರೆ ಆ ತಿಳಿವು ನನ್ನದಾಗುತ್ತಿತ್ತು. ಈಗ ಅದು ಅವನದಾಯಿತು.

ಆದರೆ ಅದೇ ದಿನ ಮಧ್ಯಾಹ್ನ ಇನ್ನೊಂದು ಮೌನವು ನನ್ನಿಂದ ಘಟಿಸಿತು. ಕಬ್ಬು ಕಡಿಯುವ ಹೊಲಕ್ಕೆ ಹೋಗಿದ್ದೆವು. ಹಂಗಾಮಿನಲ್ಲಿ ವಿಜಯಪುರದ ಕಡೆಯಿಂದಲೂ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ಟೋಳಿಗಳು ಈ ಸೀಮೆಗೆ ಸಂಸಾರಸಮೇತವಾಗಿ ಬರುತ್ತವೆ. ಬದುವಿನ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಕೂಸನ್ನು ಟೊಂಕದ ಮೇಲೆ ಹೊತ್ತು ನಮ್ಮ ಮಕ್ಕಳನ್ನು ನೋಡುತ್ತ ನಿಂತಿದ್ದಳು. ನಮ್ಮವರಲ್ಲಿ ಅದೇ ವಯಸ್ಸಿನ ಬಾಲಿಕೆಯೊಬ್ಬಳು, “ಅಜ್ಜಾರ, ಈಕಿ ಯಾವ ಸಾಲಿಗೆ ಹೋಗ್ತಾಳ್ರಿ?” ಎಂದು ಕೇಳಿದಳು. ನಾನು ಕೇಳಿಸಿದರೂ ಕೇಳಿಸದವನಂತೆ, ಕಬ್ಬಿನ ಯಾವ ಗಣಿಕೆಯಲ್ಲಿ ಸಿಹಿಯು ಹೆಚ್ಚೆಂಬ ವಿಷಯವನ್ನು ತೆಗೆದು ಮುಂದೆ ನಡೆದೆನು.

ಎರಡೂ ಮೌನಗಳೇ, ಆದರೆ ಎರಡೂ ಒಂದೆಯೆ? ಮೊದಲನೆಯದು ಶಿಷ್ಯನ ಕಣ್ಣಿಗೆ ಎಡೆಗೊಟ್ಟಿತು. ಎರಡನೆಯದು ನನ್ನ ಮಾನವನ್ನು ಕಾಯ್ದಿತು. ಮೌನದ ಲಾಭವು ಯಾರಿಗೆ ಸೇರಿತೆಂದು ವಿಚಾರಿಸಿದರೆ ಗುಣವಾವುದು, ಕಳ್ಳತನವಾವುದು ಎಂಬುದು ಸ್ಪಷ್ಟವಾಗುವದು.

ಎಳೆಯ ಮನಸ್ಸಿಗೆ ಇಂಥ ದುಃಖವನ್ನೇಕೆ ಹೊರಿಸಬೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಾನೂ ಆ ರಾತ್ರಿ ಹಾಗೆಯೇ ಸಮಾಧಾನ ಹೇಳಿಕೊಂಡೆನು. ಆದರೆ ಆ ಮಗುವು ಕಂಡಾಗಿತ್ತು. ನನ್ನ ಮೌನವು ಕಂಡದ್ದನ್ನು ಅಳಿಸಲಿಲ್ಲ. ಕಂಡದ್ದನ್ನು ಕೇಳಬಾರದೆಂಬ ಪಾಠವನ್ನಷ್ಟೇ ಕಲಿಸಿತು. ಬಡವರ ಮಗುವನ್ನು ಮುಂದಿಟ್ಟುಕೊಂಡು ಉಪನ್ಯಾಸ ಮಾಡುವುದು ಅವಳಿಗೆ ಅಪಮಾನವಲ್ಲವೆ ಎಂಬ ಆಕ್ಷೇಪವು ಇದಕ್ಕಿಂತ ಬಲವಾದದ್ದು. ನಿಜ. ಆದರೆ ಅವಳ ವಿಷಯವಾಗಿ ಮಾತಾಡುವುದು ಬೇರೆ, ಅವಳೊಡನೆ ಮಾತಾಡುವುದು ಬೇರೆ. ತಿರುಗಿ ನಿಂತು “ನಿನ್ನ ಹೆಸರೇನವ್ವಾ?” ಎಂದು ಕೇಳಿದ್ದರೆ ಉತ್ತರವು ಆರಂಭವಾಗುತ್ತಿತ್ತು. ಅವಳೂ ನಮ್ಮನ್ನು ನೋಡುತ್ತಿದ್ದಳೆಂಬುದನ್ನು ನಾನು ಮರೆತೆನು.

ಸತ್ಯಕಾಮನ ಕಥೆಯನ್ನು ನೂರು ಸಲ ಹೇಳಿದ ನಾನು ಅದರ ಮೊದಲ ಭಾಗವನ್ನು ಆ ದಿನ ನೆನೆಯಲಿಲ್ಲ. ಅವನ ತಾಯಿ ಜಬಾಲೆಯು ಹಲವರ ಪರಿಚಾರಿಕೆಯಾಗಿ ದುಡಿದವಳು. ಮಗನ ಗೋತ್ರವಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ಇದ್ದಕ್ಕಿದ್ದಂತೆ ಒಪ್ಪಿಕೊಂಡ ಬಾಲಕನನ್ನು ಗೌತಮನು ಅವನ ಸತ್ಯಕ್ಕಾಗಿಯೇ ಸ್ವೀಕರಿಸಿದನು. ವೃಷಭವೂ ಮದ್ಗುವೂ ಕಲಿಸಿದ್ದು ಆ ಮೇಲಿನ ಮಾತು. ಗುರುವು ವಿಚಾರಿಸಿ ಬಾಗಿಲು ತೆರೆದದ್ದು ಮೊದಲು. ದುಡಿಯುವ ಹೆಂಗಸಿನ ಮಗುವನ್ನು ಬದುವಿನ ಮೇಲೆಯೇ ಬಿಟ್ಟು ನಾನು ಉಳ್ಳವರ ಮಕ್ಕಳಿಗೆ ಬಯಲಿನ ವಿದ್ಯೆಯನ್ನು ಬೋಧಿಸುತ್ತಿದ್ದೆನು.

ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣದ ಹಕ್ಕುಂಟೆಂದು 2009ರ ಕಾಯದೆಯು ಸಾರಿದೆ. ಆ ಹುಡುಗಿಯನ್ನು ಊರ ಶಾಲೆಯಲ್ಲಿ ಕೂಡಿಸುವ ಬಗೆಯನ್ನು ಮುಕಾದಮನೊಡನೆ ಮಾತಾಡೋಣವೆಂದು ಮೂರು ದಿನಗಳ ಮೇಲೆ ಹೋದೆನು. ಹೊಲವು ಬರಿದಾಗಿತ್ತು, ಜೋಪಡಿಗಳಿದ್ದ ಸ್ಥಳದಲ್ಲಿ ಒಲೆಯ ಕಲ್ಲುಗಳೂ ರವದಿಯೂ ಉಳಿದಿದ್ದವು.

ಈಗ ನಾನು ಹೊಲಕ್ಕೆ ಮಕ್ಕಳನ್ನು ಒಯ್ಯುವ ಮೊದಲು ಒಬ್ಬನೇ ಹೋಗಿ ಟೋಳಿಯವರೊಡನೆ ಕುಳಿತು ಬರುತ್ತೇನೆ. ಮಕ್ಕಳ ಲೆಕ್ಕ ಕೇಳಿ ಊರ ಶಾಲೆಯ ಮುಖ್ಯಾಧ್ಯಾಪಕರಿಗೆ ತಿಳಿಸುತ್ತೇನೆ. ಕಬ್ಬನ್ನು ನೆಲಕ್ಕೆ ಸಮನಾಗಿ ಏಕೆ ಕಡಿಯಬೇಕು, ಬುಡದಲ್ಲಿಯೇ ಸಿಹಿ ಹೆಚ್ಚೇಕೆ ಎಂಬುದನ್ನು ಈಗ ಹೇಳುವವನು ನಾನಲ್ಲ, ಕೊಯ್ತಾ ಹಿಡಿದ ಹಿರಿಯನು. ಕೆಲವು ಮಕ್ಕಳು ಕೆಲ ತಿಂಗಳು ಶಾಲೆಗೆ ಬಂದದ್ದುಂಟು, ಬಾರದ್ದೂ ಉಂಟು. ಇದರಿಂದ ಋಣವು ತೀರಿತೆಂದು ನಾನು ಭಾವಿಸುವುದಿಲ್ಲ. ತಾನು ತೋರಿಸಿದ್ದಕ್ಕೆ ತೋರಿಸುವವನು ಉತ್ತರವಾದಿಯು, ಅಷ್ಟೇ. ಆ ಹುಡುಗಿಯ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.