ಚಿಲಕ ಯಾರ ಕೈಯಲ್ಲಿ?

ಈ ಸಲದ ಯುಗಾದಿಗೆ ಊರಿಗೆ ಹೊರಡುವ ಹಿಂದಿನ ವಾರ ‘ಕಿಮಿ’ ಸಿನಿಮಾವನ್ನ ಎರಡನೇ ಸಲ ನೋಡಿದೆ. 2022ರಲ್ಲಿ ಬಂದ ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶನದ ಥ್ರಿಲ್ಲರ್. ನಾಯಕಿ ಏಂಜೆಲಾ ಸಿಯಾಟಲ್‌ನ ಫ್ಲಾಟ್ ಒಂದರಲ್ಲಿ ಒಬ್ಬಳೇ ಇರ್ತಾಳೆ. ಕೆಲಸ ನಮ್ಮಂಥದ್ದೇ: ಸ್ಮಾರ್ಟ್ ಸ್ಪೀಕರ್‌ಗೆ ಅರ್ಥವಾಗದ ಮಾತುಗಳ ರೆಕಾರ್ಡಿಂಗ್ ಕೇಳಿ, ಅದಕ್ಕೆ ತಿಳಿಯುವ ಹಾಗೆ ತಿದ್ದೋದು. ಹಿಂದೊಮ್ಮೆ ಅವಳ ಮೇಲೆ ಹಲ್ಲೆಯಾಗಿದೆ, ಅದರ ಮೇಲೆ ಕೋವಿಡ್ ಬಂದಿದೆ. ಬಾಗಿಲು ದಾಟೋಕೆ ಆಗಲ್ಲ. ಒಂದು ದಿನ ರೆಕಾರ್ಡಿಂಗ್‌ನಲ್ಲಿ ಹೆಂಗಸೊಬ್ಬಳ ಚೀರಾಟ ಕೇಳಿಸುತ್ತೆ. ಇದು ಅಪರಾಧ ಅಂತ ಮೇಲಿನವರಿಗೆ ಹೇಳಹೊರಟರೆ, ಖುದ್ದಾಗಿ ಆಫೀಸಿಗೆ ಬಾ ಅನ್ನೋ ಉತ್ತರ.

ಮೊದಲ ಸಲ ನೋಡಿದಾಗ ಅವಳು ಹೊರಗೆ ಕಾಲಿಟ್ಟ ದೃಶ್ಯಕ್ಕೆ ಸೋಫಾ ಮೇಲೆ ಕೂತೇ ಶಿಳ್ಳೆ ಹೊಡೆದಿದ್ದೆ. ಈ ಸಲ ಆಗಲಿಲ್ಲ.

ಇಂಥ ಸಿನಿಮಾಗಳ ಕಥೆ ಹೆಚ್ಚುಕಡಿಮೆ ಒಂದೇ. 1995ರ ‘ಕಾಪಿಕ್ಯಾಟ್’ನಲ್ಲಿ ಸಿಗೂರ್ನಿ ವೀವರ್ ಸರಣಿ ಕೊಲೆಗಾರರನ್ನೇ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ; ಅಂಥವನೊಬ್ಬ ಮೇಲೆ ಬಿದ್ದ ನಂತರ ಸ್ಯಾನ್ ಫ್ರಾನ್ಸಿಸ್ಕೋದ ಮನೆ ಬಿಟ್ಟು ಹೊರಗೆ ಬರಲ್ಲ. 2021ರ ‘ದಿ ವುಮನ್ ಇನ್ ದಿ ವಿಂಡೋ’ದಲ್ಲಿ ಏಮಿ ಆಡಮ್ಸ್ ಕಿಟಕಿಯಿಂದ ಕೊಲೆ ನೋಡ್ತಾಳೆ; ಅವಳ ಮಾತ್ರೆ, ವೈನ್, ಕಾಯಿಲೆ ನೋಡಿದ ಪೊಲೀಸರು ನಂಬಲ್ಲ. ಕೊನೆಗೆ ಕೊಲೆಗಾರ ಎದುರಿಗೇ ಬರ್ತಾನೆ, ನಾಯಕಿ ಬದುಕಿ ಉಳೀತಾಳೆ. ಏಂಜೆಲಾ ಅಂತೂ ಕೊನೇ ದೃಶ್ಯದಲ್ಲಿ ಆರಾಮಾಗಿ ಬೀದಿಯಲ್ಲಿದ್ದಾಳೆ. ದೊಡ್ಡ ಭಯ ಬಂದರೆ ಸಣ್ಣ ಭಯ ಓಡುತ್ತೆ ಅನ್ನೋದು ಚಿತ್ರಕಥೆಗೆ ಅನುಕೂಲ. ನಾನು ಅದನ್ನೇ ನಿಜ ಅಂದ್ಕೊಂಡಿದ್ದೆ.

ಈ ಕಾಯಿಲೆಗೆ ಅಗೋರಾಫೋಬಿಯಾ ಅಂತ ಹೆಸರಿಟ್ಟವನು ಜರ್ಮನಿಯ ವೈದ್ಯ ಕಾರ್ಲ್ ವೆಸ್ಟ್‌ಫಾಲ್, 1871ರಲ್ಲಿ. ‘ಅಗೋರಾ’ ಅಂದರೆ ಗ್ರೀಕರ ಊರುಗಳಲ್ಲಿ ಜನ ಸೇರುವ ಜಾಗ, ಸಂತೆ. ಆದರೆ ಇದು ಬರೀ ಬಯಲಿನ ಭಯ ಅಲ್ಲ. ಬಸ್ಸು, ಕ್ಯೂ, ಜಾತ್ರೆ, ಎಲ್ಲಿ ಎದೆ ಹೊಡೆದುಕೊಂಡರೆ ತಕ್ಷಣ ಆಚೆ ಬರೋಕಾಗಲ್ಲವೋ ಅಲ್ಲೆಲ್ಲ ಅದು ಇರುತ್ತೆ.

ನಮ್ಮ ಸೋದರತ್ತೆ ಸಂತೆಗೆ ಹೋದವಳಲ್ಲ. ಗಂಡ ತೀರಿಕೊಂಡ ಮೇಲೆ ತುರುವೇಕೆರೆ ಕಡೆಯ ನಮ್ಮೂರಿನ ಮನೆಯಲ್ಲೇ ಇದ್ದಾಳೆ. ‘ಹೊಸ್ತಿಲು ದಾಟದ ಹೆಣ್ಣುಮಗಳು’ ಅಂತ ಊರಿನ ಸೊಸೆಯರಿಗೆಲ್ಲ ಅವಳ ಉದಾಹರಣೆ ಕೊಡ್ತಿದ್ರು. ಗಂಡಸೊಬ್ಬ ಹಾಗೆ ಮನೆ ಹಿಡಿದು ಕೂತಿದ್ರೆ ದೇವರಿಗೋ ಡಾಕ್ಟರಿಗೋ ತೋರಿಸ್ತಿದ್ರು. ಅವಳ ಕಾಯಿಲೆ ನಮಗೆ ಗುಣವಾಗಿ ಕಂಡಿತು. ಎದೆ ಡವಡವ ಅನ್ನುತ್ತೆ ಅಂದಾಗ ಒಮ್ಮೆ ಇಸಿಜಿ ಮಾಡಿಸಿದೆವು. ಏನೂ ಇಲ್ಲ ಅಂತ ಬಂತು. ಆ ‘ಏನೂ ಇಲ್ಲ’ವನ್ನೇ ಹಿಡ್ಕೊಂಡೆವು.

ನನ್ನ ಫ್ಲಾಟಿನ ಗೃಹಪ್ರವೇಶಕ್ಕೆ ಅವಳು ಬರಲೇಬೇಕು ಅಂತ ಹಠ ಹಿಡಿದವನು ನಾನು. ‘ಒಂದ್ಸಲ ಹೊರಗೆ ಬಾ ಅತ್ತೆ, ಎಲ್ಲ ಸರಿಹೋಗುತ್ತೆ’ ಅಂತ ಕಾರು ಹತ್ತಿಸಿದೆ. ಕುಣಿಗಲ್ ತನಕ ಸುಮ್ಮನಿದ್ದಳು. ನೆಲಮಂಗಲದ ಹತ್ತಿರ ಗಾಡಿಗಳ ಸಾಲು ನಿಂತುಬಿಟ್ಟಿತು. ಮೈಯೆಲ್ಲ ಬೆವರು, ಕೈ ನಡುಗ್ತಿತ್ತು. ‘ಇಳಿಸಪ್ಪಾ, ಉಸಿರು ಸಿಗ್ತಿಲ್ಲ’ ಅಂದಳು. ‘ಇನ್ನೇನು ಬಂದೇಬಿಡ್ತು’ ಅಂತ ನಾನು ಬಾಗಿಲಿನ ಲಾಕ್ ಒತ್ತಿದೆ. ಹೈವೇ ಮಧ್ಯೆ ಇಳಿಸೋಕಾಗಲ್ಲ ಅನ್ನೋದು ನಿಜ. ಆದರೆ ಪಕ್ಕಕ್ಕೆ ನಿಲ್ಲಿಸಿ ವಾಪಸ್ ಹೊರಡಬಹುದಿತ್ತು. ನನ್ನ ಪ್ರಯೋಗ ಅರ್ಧಕ್ಕೆ ನಿಲ್ಲಬಾರದು ಅಂತಿತ್ತು, ಅಷ್ಟೆ. ಪೂಜೆ ಮುಗಿಯೋವರೆಗೂ ಅವಳು ಒಳರೂಮಿನ ಮೂಲೆಯಲ್ಲಿ ಕೂತಿದ್ದಳು. ಊರಿಗೆ ವಾಪಸಾದ ಮೇಲೆ ಜಗಲಿಗೆ ಬರೋದನ್ನೂ ಬಿಟ್ಟಳು.

ಅವಳ ಒಳ್ಳೇದಕ್ಕೇ ಮಾಡಿದ್ದು ಅಂತ ತಿಂಗಳುಗಟ್ಟಲೆ ಹೇಳ್ಕೊಂಡೆ. ಭಯಕ್ಕೆ ಎದುರಾಗೋದೇ ಚಿಕಿತ್ಸೆ ಅನ್ನೋದು ಸುಳ್ಳಲ್ಲ. ಥೆರಪಿಸ್ಟ್‌ಗಳು ಮಾಡಿಸೋದೂ ಅದನ್ನೇ: ಮೊದಲು ಬಾಗಿಲು, ಆಮೇಲೆ ಬೀದಿಯ ತಿರುವು, ಆಮೇಲೆ ಅಂಗಡಿ. ಹಾಗಾದ್ರೆ ನಾನು ಮಾಡಿದ್ದರಲ್ಲಿ ತಪ್ಪೇನು? ಇವತ್ತು ಎಷ್ಟು ಹೆಜ್ಜೆ ಅನ್ನೋದನ್ನ ಅಲ್ಲಿ ಹೆದರಿದವರ ಜೊತೆ ಕೂತು ನಿರ್ಧರಿಸ್ತಾರೆ. ನನ್ನ ಕಾರಿನಲ್ಲಿ ಲಾಕ್ ನನ್ನ ಕೈಯಲ್ಲಿತ್ತು. ಬಿಡಿಸ್ತೀನಿ ಅಂತ ಹೊರಟು ಅವಳನ್ನ ಇನ್ನೂ ಸಣ್ಣ ಜಾಗದಲ್ಲಿ ಕೂಡಿಹಾಕಿದ್ದೆ.

ಹಾಗಂತ ‘ಅವಳಿಷ್ಟ’ ಅಂತ ಬಿಟ್ಟುಬಿಡೋದೂ ಗೌರವ ಅಲ್ಲ. ಇಷ್ಟು ವರ್ಷ ನಮ್ಮ ಮನೆಯವರು ಮಾಡಿದ್ದು ಅದನ್ನೇ. ಹೊಗಳಿ ಹೊಗಳಿ ಬಾಗಿಲು ಹಾಕಿದರು. ನೂಕೋದು, ಬಿಟ್ಟುಬಿಡೋದು, ಎರಡಕ್ಕೂ ಅವಳನ್ನ ಒಂದು ಮಾತು ಕೇಳಬೇಕಾಗಿಲ್ಲ. ಅದಕ್ಕೇ ಎರಡೂ ಸುಲಭ.

ಹಬ್ಬಕ್ಕೆ ಹೋದಾಗ ತಪ್ಪಾಯ್ತು ಅಂದೆ. ‘ಬಿಡಪ್ಪ, ನೀನೇನು ಬೇಕಂತ ಮಾಡಿದ್ಯಾ’ ಅಂದಳು. ತುಮಕೂರಲ್ಲಿ ಒಬ್ಬ ಮನೋವೈದ್ಯರಿದ್ದಾರೆ, ಮೊದಲು ಫೋನಲ್ಲೇ ಮಾತಾಡಬಹುದು, ಮಾತಾಡ್ತೀಯಾ ಅಂತ ಕೇಳಿದೆ. ‘ನೋಡಣ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಶುರು ಮಾಡಿದಳು: ‘ಬಸ್‌ಸ್ಟಾಪ್ ತನಕ ನಡೀಬಹುದು. ಆದ್ರೆ ಬಸ್ ಬಂದ್ರೂ ಹತ್ತು ಅನ್ಬಾರ್ದು.’

ಮರುದಿನ ಬೆಳಿಗ್ಗೆ ಹೋದೆವು. ಅರಳಿಕಟ್ಟೆ ದಾಟುವಾಗ ಎರಡು ಸಲ ನಿಂತಳು, ನಾನೂ ನಿಂತೆ. ತಿಪಟೂರು ಬಸ್ ಬಂತು. ‘ಬರ್ತೀರಾ ಅಮ್ಮಾ?’ ಅಂದ ಕಂಡಕ್ಟರ್. ಅತ್ತೆ ನನ್ನ ಮುಖ ನೋಡಿದಳು. ನಾನೇನೂ ಹೇಳಲಿಲ್ಲ. ಬಸ್ ಹೋಯಿತು.

‘ನಡಿ, ಬಿಸಿಲಾಯ್ತು’ ಅಂತ ಅವಳೇ ಮನೆ ಕಡೆ ತಿರುಗಿದಳು.