ಉಂಡ ಮನೆಯ ಜಂತೆ

ಬಿನ್ನಿಪೇಟೆಯ ನಮ್ಮ ಅಜ್ಜಿಯ ಮನೆ ಮದ್ರಾಸ್ ತಾರಸಿಯದು. ನಡುಮನೆಯಲ್ಲಿ ಅಂಗಾತ ಮಲಗಿದರೆ ತಲೆಯ ಮೇಲೆ ಹನ್ನೊಂದು ಜಂತೆಗಳು, ದೀಪದ ಹೊಗೆ ಕುಡಿದು ಕಪ್ಪಾದವು. ಬಾಗಿಲ ಕಡೆಯಿಂದ ಏಳನೆಯದಕ್ಕೆ ಹುಳ ಬಿದ್ದಿತ್ತು. ಬೀದಿಯ ಸದ್ದಡಗಿದ ಮೇಲೆ ಅದರೊಳಗಿಂದ ಕರಕರ ಕೇಳಿಸುತ್ತಿತ್ತು. ಬೆಳಗ್ಗೆ ಎದ್ದರೆ ಹೊದ್ದ ಕಂಬಳಿಯ ಮೇಲೆ ರವೆಗಿಂತ ಸಣ್ಣ ಮರದ ಪುಡಿ. ಅದು ಮಿಲ್ಲಿನ ಕಂಬಳಿ. ಮಣ್ಣಿನ ಬಣ್ಣ, ಮೈಗೆ ಚುಚ್ಚುವ ಉಣ್ಣೆ. ಅಂಚು ಬಿಚ್ಚಿದ ಕಡೆ ಅಜ್ಜಿ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದಳು. ಒಂದು ಮಧ್ಯಾಹ್ನ ಊಟ ಮುಗಿಸಿ ಮಲಗಿ ಬೆರಳು ಮಡಚುತ್ತಿದ್ದ ನನ್ನನ್ನು ಕಂಡು ದೊಡ್ಡಜ್ಜ, ಅಂದರೆ ನನ್ನ ತಾತನ ಅಣ್ಣ, ಗದರಿದರು: ಉಂಡ ಮನೆಯ ಜಂತೆ ಎಣಿಸಬಾರದು.

ಗಾದೆಯನ್ನು ಹಾಗೆ ಅಕ್ಷರಕ್ಕೆ ಅಕ್ಷರ ಕೇಳಿದವರು ಕಡಿಮೆ ಇದ್ದೇವೆ. ಹಿಂದೆ ಮನೆಯ ಸ್ಥಿತಿಗತಿ ಅಳೆಯುವುದು ಸೂರು ನೋಡಿಯೇ. ಎಷ್ಟು ಅಂಕಣ, ಎಷ್ಟು ತೊಲೆ, ಜಂತೆ ತೇಗದ್ದೋ ಕಾಡುಮರದ್ದೋ. ಕರೆದು ಎಲೆ ಹಾಕಿ ಬಡಿಸಿದ ಮನೆಯಲ್ಲಿ ಕೈ ಒಣಗುವ ಮೊದಲೇ ಅತಿಥಿ ಮೇಲೆ ನೋಡಿ ಲೆಕ್ಕ ಹಾಕಿದರೆ ಅವನ ಮನಸ್ಸಿನಲ್ಲಿ ಕನ್ನವಿದೆ, ಇಲ್ಲವೇ ಊರ ಮುಂದೆ ಹೇಳಿಕೊಂಡು ನಗಲು ಒಂದು ಚಾಡಿಯಿದೆ. ಅಂಥವನಿಗೆ ಹೇಳಿದ ಮಾತಿದು. ಅನ್ನದ ಋಣ ದೊಡ್ಡದು ಎಂದು ನಂಬಿದ ಜನ ಕಟ್ಟಿದ ಗಾದೆ. ಅದರಲ್ಲಿ ನನಗೆ ಪೂರ್ತಿ ಗೌರವವಿದೆ.

ಆದರೆ ಇದೇ ಗಾದೆಯನ್ನು ಅಧಿಕಾರದಲ್ಲಿ ಕೂತವರು ಬಾಯಿಗೆ ತೆಗೆದುಕೊಂಡಾಗ ಏನಾಗುತ್ತದೆ?

ಹಿಟ್ಲರನ ಕಾಲದ ಜರ್ಮನಿಯಲ್ಲಿ ಪ್ರೀತಿಸಿ, ಪ್ರತಿಭಟಿಸಿ, ಸಿಕ್ಕಿಬಿದ್ದ ಎಳೆಯರನ್ನು ಕುರಿತ ಐತಿಹಾಸಿಕ ಕಾದಂಬರಿಗಳನ್ನು ಕೆಲವು ವರ್ಷಗಳಿಂದ ಒಂದೊಂದಾಗಿ ಓದುತ್ತ ಬಂದಿದ್ದೇನೆ. ಅವುಗಳಲ್ಲಿ ನನಗೊಂದು ಕೊರತೆ ಕಾಣುತ್ತದೆ. ಪ್ರತಿಭಟನೆ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ. ಭಯದ ಅಧ್ಯಾಯಗಳ ನಡುವೆ ಓದುಗರಿಗೆ ಉಸಿರು ಬಿಡಲು ಕೊಟ್ಟ ಜಗಲಿಯಂತೆ ಪ್ರೇಮ ಬರುತ್ತದೆ, ಹೋಗುತ್ತದೆ. ನಿಜವಾಗಿ ಬದುಕಿದವರ ಕಾಗದಪತ್ರ ನೋಡಿದರೆ ಹಾಗಿಲ್ಲ. ಈ ಗಾದೆಯ ಜಗಳ ನಡೆದದ್ದೇ ಪ್ರೇಮಿಗಳ ನಡುವೆ.

ಸೋಫಿ ಶೋಲ್ ಮತ್ತು ಫ್ರಿಟ್ಸ್ ಹಾರ್ಟ್‌ನಾಗೆಲ್ ಪರಿಚಯವಾದದ್ದು 1937ರಲ್ಲಿ, ಕುಣಿತದ ಒಂದು ಕೂಟದಲ್ಲಿ. ಅವಳಿಗೆ 16, ಅವನಿಗೆ 20. ಅವನು ಸೈನ್ಯದ ಅಧಿಕಾರಿಯಾಗಲು ಹೊರಟವನು. ಅವಳೂ ಹುಟ್ಟುವಿರೋಧಿಯೇನಲ್ಲ. ನಾಜಿಗಳ ಬಾಲಿಕಾ ಸಂಘದಲ್ಲಿ ಉತ್ಸಾಹದಿಂದಲೇ ಇದ್ದವಳು. ಅಣ್ಣ ಹಾನ್ಸ್ ನ್ಯೂರೆಂಬರ್ಗ್ ಸಮಾವೇಶಕ್ಕೆ ಬಾವುಟ ಹಿಡಿದು ಹೋಗಿದ್ದ ಹುಡುಗ. ಅಪ್ಪನಿಗೆ ಮಾತ್ರ ಮೊದಲಿನಿಂದಲೂ ಹಿಟ್ಲರನೆಂದರೆ ಆಗುತ್ತಿರಲಿಲ್ಲ. ಅಂದರೆ ಅಣ್ಣತಂಗಿ ಇಬ್ಬರೂ ಆ ಮನೆಯಲ್ಲಿ ಉಂಡವರು. ಹೊರಗಿನಿಂದ ಬಂದು ಸೂರು ನೋಡಿದವರಲ್ಲ.

1941ರ ಚಳಿಗಾಲ. ರಷ್ಯಾದ ಹಿಮದಲ್ಲಿ ಜರ್ಮನ್ ಸೈನಿಕರು ಬೇಸಿಗೆಯ ಉಡುಪಿನಲ್ಲಿ ಸೆಟೆದು ಸಾಯುತ್ತಿದ್ದಾರೆ. ಮನೆಮನೆಯಿಂದ ಉಣ್ಣೆಬಟ್ಟೆ ಕೊಡಿ ಎಂದು ಪ್ರಚಾರ ಮಂತ್ರಿ ಗೊಬೆಲ್ಸ್ ಕರೆ ಕೊಟ್ಟ. ದೇಶವೇ ಸ್ವೆಟರು, ಕೈಗವಸು, ಕಂಬಳಿ ತಂದು ಸುರಿಯಿತು. ಸೋಫಿ ಏನೂ ಕೊಡುವುದಿಲ್ಲ ಎಂದಳು. ಫ್ರಿಟ್ಸ್‌ಗೆ ಇದು ಎದೆಗೆ ನಾಟಿತು. ಸಾಯುತ್ತಿರುವವರು ಅವನ ಜೊತೆಗಾರರು. ಅವಳ ವಾದ ಸರಳವಾಗಿತ್ತು, ಕಠೋರವಾಗಿತ್ತು: ಚಳಿಯಲ್ಲಿ ಸಾಯುವವನು ಜರ್ಮನ್ ಆದರೇನು, ರಷ್ಯನ್ ಆದರೇನು, ಎರಡೂ ಅಷ್ಟೇ ಘೋರ, ಆದರೆ ಈ ಯುದ್ಧವನ್ನು ನಾವು ಸೋಲಬೇಕು, ಉಣ್ಣೆ ಕೊಟ್ಟರೆ ಯುದ್ಧ ಇನ್ನಷ್ಟು ಬೆಳೆಯುತ್ತದೆ. ಇಬ್ಬರಿಗೂ ಜೋರು ಜಗಳವಾಯಿತು. ಕೊನೆಗೆ ಅವಳ ಮಾತು ಸರಿಯೆಂದು ಒಪ್ಪಬೇಕಾಯಿತು ಎಂದು ಎಷ್ಟೋ ಕಾಲದ ಮೇಲೆ ಅವನೇ ನೆನಪಿಸಿಕೊಂಡಿದ್ದಾನೆ.

ಇಲ್ಲಿ ನಾನು ನಿಂತುಬಿಡುತ್ತೇನೆ. ಮಿಲ್ಲಿನ ಕಂಬಳಿ ಹೊದ್ದು ಬೆಳೆದ ನನಗೆ ಆ ಉಣ್ಣೆಯ ಭಾರ ಗೊತ್ತು. ಕಂಬಳಿ ಕೊಡುವುದಿಲ್ಲ ಎನ್ನುವುದು ನಮ್ಮ ಕಡೆ ನೀರು ಕೊಡುವುದಿಲ್ಲ ಎಂದಷ್ಟೇ ಪಾಪ. ಹಾಗೆಂದವಳು ಕಲ್ಲೆದೆಯವಳಲ್ಲ. ತಾನು ಪ್ರೀತಿಸಿದವನೇ ಆ ಸೈನ್ಯದಲ್ಲಿದ್ದಾನೆ, ನಾಳೆ ಆ ಹಿಮದಲ್ಲಿ ನಿಲ್ಲಬೇಕಾದವನು ಅವನೇ ಎಂದು ಗೊತ್ತಿದ್ದೂ ಆಡಿದ ಮಾತು ಅದು. ಆಗಿದ್ದೂ ಹಾಗೆಯೇ. ಸ್ಟಾಲಿನ್‌ಗ್ರಾಡ್‌ನಲ್ಲಿ ಅವನ ಕೈಬೆರಳುಗಳು ಹಿಮಕ್ಕೆ ಸತ್ತವು. 1943ರ ಜನವರಿಯಲ್ಲಿ, ಕೊನೆಕೊನೆಯ ವಿಮಾನಗಳಲ್ಲೊಂದು ಅವನನ್ನು ಹೊರಗೆ ತಂದಿತು.

ಮನೆ ಎಂಬ ಮಾತಿಗೆ ಅರ್ಥ ಹುಡುಕಬೇಕಾದದ್ದು ಈ ಜಗಳದಲ್ಲಿ. ಗಾದೆಯ ಮನೆ ಇನ್ನೊಬ್ಬರದು, ಉಂಡವನು ಎದ್ದು ಹೋಗುವವನು. ಮನೆ ನನ್ನದೇ ಆಗಿ, ಅಲ್ಲೇ ಹುಟ್ಟಿ ಅಲ್ಲೇ ಮಲಗುವವಳು ನಾನೇ ಆದರೆ? ಮೇಲಿಂದ ಪುಡಿ ಉದುರುತ್ತಿದೆ, ಕೆಳಗೆ ಎಲ್ಲರೂ ಮಲಗಿದ್ದಾರೆ. ಆಗ ಎಣಿಸದೆ ಇರುವುದು ಸಭ್ಯತೆಯೇ? ಸೂರು ಕುಸಿದು ಬೀಳುವುದು ಅತಿಥಿಯ ಮೇಲಲ್ಲ.

1942ರ ಮೇ ತಿಂಗಳಲ್ಲಿ ಸೋಫಿ ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿದಳು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಫ್ರಿಟ್ಸ್‌ನ ಹತ್ತಿರ, ಯಾತಕ್ಕೆಂದು ಬಿಡಿಸಿ ಹೇಳದೆ, 1000 ಮಾರ್ಕ್ ಕೇಳಿದಳು. ಅವನು ಕೊಟ್ಟ. ಪ್ರೇಮದ ಅಧ್ಯಾಯ ಬರೆಯುವವರು ಇದನ್ನು ಬರೆಯಬೇಕು. ಹೂಗುಚ್ಛ, ಚಂದ್ರೋದಯ ಬೇಡ. ಸೈನಿಕನೊಬ್ಬ ತನ್ನ ಸಂಬಳದ ದುಡ್ಡನ್ನು ಕೇಳಿದ ತಕ್ಷಣ ಎಣಿಸಿ ಕೊಟ್ಟದ್ದು ಸಾಕು.

ಅಣ್ಣತಂಗಿ ಮತ್ತು ಗೆಳೆಯರು ಸೇರಿದ್ದ, ಹಿಟ್ಲರನನ್ನು ವಿರೋಧಿಸುವ ಶ್ವೇತ ಗುಲಾಬಿ ಬಳಗದ ಕರಪತ್ರಗಳು ಆ ಬೇಸಿಗೆಯಿಂದ ಹೊರಬಂದವು. 1943ರ ಫೆಬ್ರವರಿ 18ರಂದು ಅಣ್ಣತಂಗಿ ಆರನೆಯ ಕರಪತ್ರವನ್ನು ವಿಶ್ವವಿದ್ಯಾಲಯದ ಮಹಡಿಗಳಲ್ಲಿ ಇಡುತ್ತಿದ್ದಾಗ ಸಿಕ್ಕಿಬಿದ್ದರು. ಹಿಡಿದವನು ಯಾಕೋಬ್ ಶ್ಮಿಡ್, ಅಲ್ಲಿನ ಪರಿಚಾರಕ. ಅವನಿಗೆ 3000 ಮಾರ್ಕ್ ಬಹುಮಾನ ಸಿಕ್ಕಿತು, ವಿದ್ಯಾರ್ಥಿಗಳ ಸಭೆಯಲ್ಲಿ ಚಪ್ಪಾಳೆಯೂ ಸಿಕ್ಕಿತು. ನಾಲ್ಕೇ ದಿನ. 22ರಂದು ರೋಲಾಂಡ್ ಫ್ರೈಸ್ಲರನ ನ್ಯಾಯಾಲಯದಲ್ಲಿ ವಿಚಾರಣೆ, ಅದೇ ಸಂಜೆ ಸೋಫಿ, ಹಾನ್ಸ್, ಅವರ ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್ ಮೂವರಿಗೂ ಶಿರಚ್ಛೇದ. ದೇಶದ್ರೋಹ, ಶತ್ರುವಿಗೆ ನೆರವು, ಸೇನೆಯ ಸ್ಥೈರ್ಯ ಕೆಡಿಸಿದ್ದು. ಆರೋಪಗಳನ್ನು ಕನ್ನಡಕ್ಕೆ ಇಳಿಸಿದರೆ ದೊಡ್ಡಜ್ಜನ ಗದರಿಕೆಯೇ ಕೇಳುತ್ತದೆ. ಶ್ಮಿಡ್ ಎಂದೂ ಜಂತೆ ಎಣಿಸಿದವನಲ್ಲ. ಉಂಡ ಮನೆಗೆ ನಿಯತ್ತಾಗಿದ್ದವನು. ಗಾದೆಯನ್ನು ಕುರುಡಾಗಿ ಪಾಲಿಸಿದರೆ ನಮಗೆ ಉಳಿಯುವ ಮಾದರಿ ಅವನು, ಅದು ನನಗೆ ನಿದ್ದೆ ಕೆಡಿಸುತ್ತದೆ.

ಬರ್ಲಿನ್ನಿನ ಹಿಲ್ಡ ಕೊಪ್ಪಿಯ ಹೆಸರನ್ನೂ ಹೇಳದೆ ಮುಂದೆ ಹೋಗಲಾರೆ. ಮಾಸ್ಕೋ ರೇಡಿಯೋ ಕದ್ದು ಕೇಳಿ, ಸೆರೆಸಿಕ್ಕ ಜರ್ಮನ್ ಸೈನಿಕರ ಹೆಸರು ಬರೆದುಕೊಂಡು, ನಿಮ್ಮ ಮಗ ಬದುಕಿದ್ದಾನೆ ಎಂದು ಅವರ ಮನೆಯವರಿಗೆ ತಿಳಿಸುತ್ತಿದ್ದಳು. ಇದೂ ದ್ರೋಹವಾಯಿತು! 1941ರಲ್ಲಿ ಮದುವೆಯಾದ ಹಾನ್ಸ್ ಕೊಪ್ಪಿಯೊಡನೆ ಮರುವರ್ಷ ಬಂಧನ. ಮಗು ಹುಟ್ಟಿದ್ದು ಜೈಲಿನಲ್ಲಿ, 1942ರ ನವೆಂಬರ್ 27ರಂದು. ತಿಂಗಳೊಳಗೆ ಗಂಡನನ್ನು ಕೊಂದರು. ಎಂಟು ತಿಂಗಳು ಕೂಸಿಗೆ ಹಾಲೂಡಿಸಲು ಬಿಟ್ಟು, 1943ರ ಆಗಸ್ಟ್ 5ರಂದು ಅವಳನ್ನೂ.

ಈಗ ಉಂಡ ಎಂಬ ಮಾತು. ಅದಕ್ಕೆ ನಾನು ಬಿನ್ನಿಪೇಟೆಗೇ ಮರಳಬೇಕು.

ಈ ಪೇಟೆಗೆ ಹೆಸರು ಕೊಟ್ಟ ಮಿಲ್ಲು 1884ರಲ್ಲಿ ಶುರುವಾಗಿ ಎರಡು ವರ್ಷಕ್ಕೆ ಬಿನ್ನಿ ಕಂಪನಿಯ ಕೈಗೆ ಬಂತು. ಹತ್ತಿ, ಉಣ್ಣೆ, ರೇಷ್ಮೆ ಮೂರೂ ನೇಯುತ್ತಿದ್ದರು. ಯುದ್ಧ ಬಂದಾಗ ಸೈನ್ಯಕ್ಕೆ ಖಾಕಿ, ಕಂಬಳಿ. 1942ರ ಆಗಸ್ಟ್ 8ರಂದು ಗಾಂಧೀಜಿ ಭಾರತ ಬಿಟ್ಟು ತೊಲಗಿ ಎಂದ ಮೇಲೆ ಬೆಂಗಳೂರಿನ ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಅವರನ್ನು ಸಂಘಟಿಸಿದವರಲ್ಲಿ 24 ವರ್ಷದ ಮೇಷ್ಟ್ರು ಎಚ್. ಎಸ್. ದೊರೆಸ್ವಾಮಿ ಒಬ್ಬರು, ಆಮೇಲೆ 14 ತಿಂಗಳು ಸೆಂಟ್ರಲ್ ಜೈಲಿನಲ್ಲಿ, ಅಂದರೆ ಇಂದಿನ ಫ್ರೀಡಂ ಪಾರ್ಕಿನಲ್ಲಿ, ಕಳೆದರು.

ನಮ್ಮ ತಾತ ಆಗ ಇಲ್ಲಿನ ಒಂದು ಮಿಲ್ಲಿನಲ್ಲಿ ಮಗ್ಗದ ಕೆಲಸಗಾರ. ಮದುವೆಯಾಗಿ ಒಂದು ವರ್ಷವಾಗಿತ್ತು. ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಬರುವನು, ಅಜ್ಜಿ ಅವನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಡುವಳು. ಹಂಚಲು ಒಯ್ಯುವ ಮೊದಲು ಒಂದೊಂದನ್ನೂ ಕೊಡವಬೇಕಿತ್ತಂತೆ. ಆದರೂ ಹಿಟ್ಟಿನ ವಾಸನೆ ಹೋಗುತ್ತಿರಲಿಲ್ಲವಂತೆ. ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿಲ್ಲ. ಸಂಬಳವಿಲ್ಲದ ಆ ದಿನಗಳಲ್ಲಿ ದೊಡ್ಡಜ್ಜ ಬಾಗಿಲಲ್ಲಿ ನಿಂತು ಇದೇ ಗಾದೆ ಹೇಳಿದರಂತೆ: ಅನ್ನ ಕೊಟ್ಟ ಮಿಲ್ಲಿಗೆ ಹೀಗಾ ಮಾಡೋದು, ಉಂಡ ಮನೆಯ ಜಂತೆ ಎಣಿಸಬಾರದು ಕಣೋ. ಭಾವನ ಎದುರು ಎಂದೂ ಬಾಯಿ ತೆರೆಯದ ಅಜ್ಜಿ ಅಂದು ಅಡುಗೆಮನೆಯಿಂದಲೇ ಕೇಳಿದಳಂತೆ: "ಉಂಡೋರು ಯಾರು ಭಾವ, ಬಡಿಸ್ದೋರು ಯಾರು?"

ಆ ಪ್ರಶ್ನೆಯಲ್ಲಿ ವಸಾಹತಿನ ಇತಿಹಾಸವೆಲ್ಲ ಇದೆ. ಜರ್ಮನಿಯಲ್ಲಿ ಮನೆಮಕ್ಕಳು ಸೂರು ನೋಡಿದರು. ನಮ್ಮಲ್ಲಿ ಅತಿಥಿಯಾಗಿ ಬಂದವನೇ ಯಜಮಾನನಾಗಿ, ಬಡಿಸಿದವರಿಗೆ ಋಣದ ಪಾಠ ಹೇಳಿಕೊಡುತ್ತಿದ್ದ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಸಮ ಎಂದುಬಿಡುವುದು ನನ್ನಿಂದಾಗದು. ನಮ್ಮ ಮಿಲ್ಲುಗಳ ಖಾಕಿ ಹೋಗುತ್ತಿದ್ದದ್ದು ಸೋಫಿ ಸೋಲಿಸಬೇಕೆಂದ ಅದೇ ಹಿಟ್ಲರನ ವಿರುದ್ಧ ಹೋರಾಡುವ ಪಡೆಗೆ. ಇಲ್ಲಿ ಮಗ್ಗ ನಿಂತರೆ ಅಲ್ಲಿ ಒಬ್ಬನಿಗೆ ಕಂಬಳಿ ತಪ್ಪುತ್ತಿತ್ತು. 1943ರ ಬೇಸಿಗೆಯಲ್ಲಿ ಬ್ರಿಟಿಷ್ ವಿಮಾನಗಳು ಆರನೆಯ ಕರಪತ್ರದ ಲಕ್ಷಾಂತರ ಪ್ರತಿಗಳನ್ನು ಜರ್ಮನಿಯ ಮೇಲೆ ಸುರಿದವು. ಅದೇ ಬ್ರಿಟಿಷರ ನೆರಳಿನಲ್ಲಿ ಇಲ್ಲಿ ಕರಪತ್ರ ಹಂಚಿದವರು ಕಂಬಿ ಎಣಿಸುತ್ತಿದ್ದರು. ಸೋಫಿ ಸತ್ತ 35ನೆಯ ದಿನ, ಮಾರ್ಚ್ 29ರಂದು, ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತ ತರುಣರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನಿಗೆ ವಯಸ್ಸು ಸಾಲದೆ ಜೀವ ಉಳಿಯಿತು. ಅಲ್ಲೇ ಹತ್ತಿರ ನೀಲೇಶ್ವರದಲ್ಲಿ ಓದಿದ ನಿರಂಜನ ಆ ತರುಣರ ಕಥೆಯನ್ನು 1955ರಲ್ಲಿ 'ಚಿರಸ್ಮರಣೆ' ಕಾದಂಬರಿಯಾಗಿ ಬರೆದರು. ಜರ್ಮನಿಯ ಈ ಕಾದಂಬರಿಗಳ ಪಕ್ಕದಲ್ಲಿ ಅದನ್ನು ಇಟ್ಟು ಓದಿ ಎಂದು ಗೆಳೆಯರಿಗೆ ಹೇಳುತ್ತಿರುತ್ತೇನೆ. ಒಂದೇ ಯುದ್ಧದ ಎರಡು ಮಗ್ಗುಲು. ಒಂದು ಮಗ್ಗುಲನ್ನಷ್ಟೇ ಓದಿದವರಿಗೆ ಹಿಟ್ಲರನ ಎದುರಾಳಿಗಳೆಲ್ಲ ನ್ಯಾಯವಂತರಾಗಿ ಕಾಣುತ್ತಾರೆ.

ಫ್ರಿಟ್ಸ್ ಲೆಂಬರ್ಗಿನ ಸೇನಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ಸೋಫಿಯ ಸಾವಿನ ಸುದ್ದಿ ತಲುಪಿತು. ಅವಳ ಕುಟುಂಬದ ಬೆನ್ನಿಗೆ ನಿಂತ. 1945ರಲ್ಲಿ ಸೋಫಿಯ ಅಕ್ಕ ಎಲಿಜಬೆತ್‌ಳನ್ನು ಮದುವೆಯಾದ. ಸೈನಿಕನಾಗಿದ್ದವನು ನ್ಯಾಯಾಧೀಶನಾದ, ಶಾಂತಿ ಚಳವಳಿಗೆ ಸೇರಿದ, ಬಂದೂಕು ಹಿಡಿಯಲೊಲ್ಲದ ಹುಡುಗರಿಗೆ ನೆರವಾದ. ಅವನೂ ಸೋಫಿಯೂ ಬರೆದುಕೊಂಡ ಕಾಗದಗಳು 2005ರಲ್ಲಿ ಪುಸ್ತಕವಾಗಿ ಬಂದಾಗ ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಬಹುಮಹಡಿ ಮನೆಗಳು, ಮಾಲ್. ನಮ್ಮ ಅಜ್ಜಿಯ ಮನೆಯೂ ಇಲ್ಲ. ಆದರೆ ಏಳನೆಯ ಜಂತೆ ಇಳಿಸಿದ ದಿನ ನನಗೆ ನೆನಪಿದೆ. ದೊಡ್ಡಜ್ಜ ಜಗಲಿಯಲ್ಲಿ ಕೂತು ಮಾತಿಲ್ಲದೆ ನೋಡುತ್ತಿದ್ದರು. ತಾತ ಏಣಿ ಹತ್ತಿ ಹಾರೆ ಕೊಟ್ಟು ಎಬ್ಬಿದಾಗ ಮರ ನಡುವೆ ಕೊಳಲಿನಂತೆ ಟೊಳ್ಳಾಗಿತ್ತು. ಅಜ್ಜಿ ಕೆಳಗೆ ಆ ಮಣ್ಣುಬಣ್ಣದ ಕಂಬಳಿ ಹಾಸಿದ್ದಳು, ಪುಡಿ ಸೇರುಗಟ್ಟಲೆ ಸುರಿಯಿತು. ಹೊರಗೆ ಒಯ್ದು ಇಬ್ಬರೂ ಎರಡು ತುದಿ ಹಿಡಿದು ಕೊಡವಿದರು. ರಾತ್ರಿ ಅದನ್ನೇ ಹೊದ್ದು ಮಲಗಿ ಎಣಿಸಿದೆ. ಹನ್ನೊಂದು. ಏಳನೆಯದು ಮಾತ್ರ ಇನ್ನೂ ಬೆಳ್ಳಗಿತ್ತು.